ಫಿಲ್ಟರ್ ನೀರಿನಲ್ಲೂ ಮೀನು ಸಾಯುವುದೇಕೆ?

ಬೇಸಿಗೆ ರಜೆ ಬಂತೆಂದರೆ ಕಲಬುರಗಿಯ ಕೆಲವು ಮನೆಗಳಿಗೆ ಗಾಜಿನ ಮೀನಿನ ತೊಟ್ಟಿಯೂ ಬರುತ್ತದೆ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಹಟ ಹಿಡಿದ ಮಕ್ಕಳು. ಅವರನ್ನು ನೆರಳಿನಲ್ಲಿ ಕೂರಿಸಲು ಏನಾದರೊಂದು ನೆಪ ಬೇಕು. ನಮ್ಮ ಪಕ್ಕದ ಮನೆಗೂ ಹಾಗೆಯೇ ಒಂದು ತೊಟ್ಟಿ ಬಂದಿತ್ತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಒಳಗೆ ಹನ್ನೆರಡು ಗಪ್ಪಿ ಮೀನು. ಬೋರ್‌ವೆಲ್ ನೀರಿನಲ್ಲಿ ಒಂದೂವರೆ ತಿಂಗಳು ಅವು ಬಾಲ ಬೀಸಿಕೊಂಡು ಆರಾಮವಾಗಿದ್ದವು. ಒಂದು ಗಪ್ಪಿ ಮರಿ ಹಾಕಿದ್ದೂ ಆಯಿತು.

ಅಷ್ಟರಲ್ಲಿ ಗಾಜಿನ ಮೇಲಂಚಿನಲ್ಲಿ ಬಿಳಿ ಗೆರೆಯೊಂದು ಮೂಡಿತು. ಮನೆಗೆ ಬಂದ ನೆಂಟರೊಬ್ಬರು ಅದನ್ನು ನೋಡಿ, ‘ಈ ಸವಳು ನೀರಿನಲ್ಲಿ ಮೀನು ಬದುಕುತ್ತವೆಯೇ? ಫಿಲ್ಟರ್ ನೀರು ಹಾಕಿ’ ಎಂದರು. ಮನೆಯವರು ಮೂರು ಕ್ಯಾನ್ ತರಿಸಿದರು. ಹಳೆಯ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯೊಳಗಿನ ಕಲ್ಲು ಮತ್ತು ನೀರು ಸೋಸುವ ಸ್ಪಂಜನ್ನು ನಳದ ಕೆಳಗೆ ಹಿಡಿದು ತಿಕ್ಕಿ ತೊಳೆದು, ಗಾಜು ಒರೆಸಿ, ಹೊಸ ನೀರು ತುಂಬಿದರು. ಮರುದಿನ ಬೆಳಿಗ್ಗೆ ನಾಲ್ಕು ಮೀನು ತೇಲುತ್ತಿದ್ದವು. ಉಳಿದವು ರೆಕ್ಕೆ ಮುದುಡಿಕೊಂಡು ತಳ ಹಿಡಿದಿದ್ದವು. ‘ನಾವು ಕುಡಿಯುವ ನೀರನ್ನೇ ಹಾಕಿದ್ದೆವಲ್ಲ ಅಣ್ಣಾ’ ಎಂದು ಆ ಮನೆಯ ಯಜಮಾನರು ನನ್ನನ್ನು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಅಡುಗೆಮನೆಯಿಂದ ಹೊರಡೋಣ.

## ಬೇಳೆ ಬೇಯದ ನೀರು

ನೀರಿನ ಗುಣ ತಿಳಿಯಲು ನಮ್ಮ ಭಾಗದಲ್ಲಿ ಅಡುಗೆ ಮಾಡುವವರಿಗೆ ಯಂತ್ರ ಬೇಕಿಲ್ಲ, ತೊಗರಿ ಬೇಳೆ ಸಾಕು. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲೇ ಕೆಲವು ಬೋರ್‌ವೆಲ್ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿಗೆ ಕೂಡಿಕೊಂಡು ಅದನ್ನು ಗಟ್ಟಿ ಮಾಡಿಬಿಡುತ್ತದೆ. ಸೋಪು ನೊರೆ ಕೊಡದಿರುವುದಕ್ಕೂ, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದಕ್ಕೂ ಕಾರಣ ಅದೇ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಾಗಿರುವ ಇಂಥ ನೀರಿಗೆ ಗಡಸು ನೀರು ಎಂದು ಹೆಸರು.

ಈ ಕ್ಯಾಲ್ಸಿಯಂ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ, ಕಾಲ ಕೆಳಗಿನ ಹಾಸುಗಲ್ಲನ್ನು ನೋಡಿದರಾಯಿತು. ಮನೆ ಮನೆಗೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಈ ಕಲ್ಲಿನ ಪದರವನ್ನೇ ನಂಬಿಕೊಂಡು. ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಲು ತೆಳುವಾದ ಸೋಡಾದಂತಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬೋರ್‌ವೆಲ್ಲಿನಿಂದ ಮೇಲೆ ಬರುವುದು ಹೀಗೆ ಕಲ್ಲು ಕರಗಿದ ನೀರು. ಕುದಿಸಿದಾಗ ಆ ಅನಿಲ ಹಾರಿಹೋಗಿ, ಕರಗಿದ್ದ ಸುಣ್ಣದ ಒಂದು ಪಾಲು ಮತ್ತೆ ಕಲ್ಲಾಗಿ ಪಾತ್ರೆಯ ತಳ ಹಿಡಿಯುತ್ತದೆ.

ಇಡೀ ಭಾಗದ ನೀರು ಒಂದೇ ಬಗೆಯದಲ್ಲ. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಕಲ್ಲು, ಸುಣ್ಣ ತೀರ ಕಡಿಮೆ. ಬಹಮನಿ ಕಾಲದ ಸುರಂಗ ಬಾವಿಗಳನ್ನು ತೋಡಿದವರಿಗೆ ಈ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ಜಂಬಿಟ್ಟಿಗೆ ನೀರನ್ನು ಹೀರುತ್ತದೆ, ಅದರ ಕೆಳಗಿನ ಕಪ್ಪು ಕಲ್ಲು ತಡೆದು ನಿಲ್ಲಿಸುತ್ತದೆ. ಯಾದಗಿರಿಯಲ್ಲಿ ಬಹುಪಾಲು ಗ್ರಾನೈಟ್ ಜಾತಿಯ ಬಂಡೆ, ಅಲ್ಲಲ್ಲಿ ಸುಣ್ಣದ ಕಲ್ಲಿನ ಪಟ್ಟಿ. ಹಾಗಾಗಿ ಒಂದೇ ತಾಲ್ಲೂಕಿನ ಎರಡು ಊರುಗಳ, ಕೆಲವೊಮ್ಮೆ ಒಂದೇ ಓಣಿಯ ಎರಡು ಬೋರ್‌ವೆಲ್‌ಗಳ ನೀರೂ ಬೇರೆ ಬೇರೆ. ನೆರೆಮನೆಯವರ ಅನುಭವವನ್ನು ನಂಬಿ ನಮ್ಮ ತೊಟ್ಟಿ ತುಂಬಿಸುವಂತಿಲ್ಲ.

ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು 200ರೊಳಗೆ ಇರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಮೀನು ಸಾಕುವವರು ‘ಡಿಗ್ರಿ’ ಎಂಬ ಹಳೆಯ ಅಳತೆಯನ್ನೂ ಬಳಸುತ್ತಾರೆ. ಒಂದು ಡಿಗ್ರಿ ಎಂದರೆ ಸುಮಾರು 18 ಮಿಲಿಗ್ರಾಂ.

## ಒಣದ್ರಾಕ್ಷಿ ಮತ್ತು ಉಪ್ಪಿನಕಾಯಿ

ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಸಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟುಕೊಂಡು ಸುಕ್ಕಾಗುತ್ತದೆ. ಎರಡೂ ಕಡೆ ನಡೆಯುವುದು ಒಂದೇ ಕೆಲಸ. ನಡುವೆ ತೆಳುವಾದ ಪೊರೆಯೊಂದಿದ್ದರೆ ನೀರು ಸಪ್ಪೆ ಇರುವ ಕಡೆಯಿಂದ ಸಾಂದ್ರ ಇರುವ ಕಡೆಗೆ ಹರಿಯುತ್ತದೆ. ಇದಕ್ಕೆ ಆಸ್ಮೋಸಿಸ್ ಎನ್ನುತ್ತಾರೆ.

ಸಿಹಿನೀರಿನ ಮೀನು ಹುಟ್ಟಿನಿಂದ ಸಾಯುವವರೆಗೂ ನೀರಿನಲ್ಲಿ ನೆನೆಯುತ್ತಿರುವ ಒಣದ್ರಾಕ್ಷಿ. ಅದರ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಆದ್ದರಿಂದ ಕಿವಿರುಗಳ ಮೂಲಕ ನೀರು ಎಡೆಬಿಡದೆ ಒಳಗೆ ನುಗ್ಗುತ್ತದೆ, ಮೈಯ ಲವಣ ಹೊರಗೆ ಸೋರುತ್ತದೆ. ಮೀನು ಉಬ್ಬಿ ಒಡೆಯದಿರುವುದು ಅದರ ಮೂತ್ರಪಿಂಡಗಳ ದುಡಿಮೆಯಿಂದ. ಅವು ಒಳನುಗ್ಗಿದ ನೀರನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತಲೇ ಇರುತ್ತವೆ. ಕಿವಿರಿನಲ್ಲಿರುವ ವಿಶೇಷ ಕೋಶಗಳು ಸುತ್ತಲಿನ ನೀರಿನಿಂದ ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗಳನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುತ್ತವೆ. ಸಿಹಿನೀರಿನ ಮೀನಿಗೆ ನೀರು ಕುಡಿಯುವ ಅಗತ್ಯವೇ ಇಲ್ಲ. ಒಳಬಂದದ್ದನ್ನು ಹೊರಹಾಕುವುದರಲ್ಲೇ ಅದಕ್ಕೆ ಸಾಕಾಗಿರುತ್ತದೆ.

ನೀರಿನಲ್ಲಿ ಏನೂ ಕರಗಿಲ್ಲದಿದ್ದರೆ ಕಿವಿರು ಹೆಕ್ಕುವುದಾದರೂ ಏನನ್ನು? ಇನ್ನೊಂದು ಸಂಗತಿಯಿದೆ. ಕ್ಯಾಲ್ಸಿಯಂ ಕಿವಿರಿನ ಪೊರೆಯನ್ನು ಬಿಗಿಯಾಗಿ ಇಡುತ್ತದೆ. ಅದು ಕಡಿಮೆಯಾದಷ್ಟೂ ಪೊರೆ ಸೋರುತ್ತದೆ. ಗಡಸು ನೀರಿಗೆ ಒಗ್ಗಿದ ಗಪ್ಪಿಯನ್ನು ಇದ್ದಕ್ಕಿದ್ದಂತೆ ಸಪ್ಪೆ ನೀರಿಗೆ ಬಿಟ್ಟಾಗ ಒಳನುಗ್ಗುವ ನೀರು ಹೆಚ್ಚುತ್ತದೆ, ಸೋರುವ ಲವಣವೂ ಹೆಚ್ಚುತ್ತದೆ, ತುಂಬಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ. ನಮಗೆ ಈ ತೊಂದರೆಯಿಲ್ಲ. ನಾವು ನೀರನ್ನು ಕುಡಿಯುತ್ತೇವೆ, ಲವಣವನ್ನು ರೊಟ್ಟಿ, ಪಲ್ಯ, ಬೇಳೆಯಿಂದ ಪಡೆಯುತ್ತೇವೆ. ಮೀನಿಗೆ ನೀರೇ ಗಾಳಿ, ನೀರೇ ನೆಲ, ಊಟದ ಒಂದು ಪಾಲು ಕೂಡ. ಕುಡಿಯುವ ನೀರಿನ ಅಳತೆಗೋಲು ಅದಕ್ಕೆ ಹೊಂದದಿರುವುದು ಈ ಕಾರಣಕ್ಕೆ.

## ಯಾವ ಯಂತ್ರ ಏನನ್ನು ತೆಗೆಯುತ್ತದೆ

‘ಫಿಲ್ಟರ್ ನೀರು’ ಎಂಬ ಒಂದೇ ಹೆಸರಿನಡಿ ನಾವು ನಾಲ್ಕೈದು ಬಗೆಯ ನೀರನ್ನು ಸೇರಿಸಿಬಿಟ್ಟಿದ್ದೇವೆ. ಗೊಂದಲದ ಅರ್ಧ ಪಾಲು ಇಲ್ಲಿಯೇ ಇದೆ.

ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲೂ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಹೆಚ್ಚಿನ ಯಂತ್ರಗಳಲ್ಲೂ ಇರುವುದು ಆರ್‌ಒ, ಅಂದರೆ ರಿವರ್ಸ್ ಆಸ್ಮೋಸಿಸ್. ಆಸ್ಮೋಸಿಸ್‌ನಲ್ಲಿ ನೀರು ಸಪ್ಪೆಯಿಂದ ಉಪ್ಪಿನ ಕಡೆಗೆ ಹರಿಯುತ್ತದೆ ಎಂದೆನಲ್ಲ, ಇಲ್ಲಿ ಪಂಪಿನ ಒತ್ತಡದಿಂದ ಅದನ್ನು ಹಿಮ್ಮುಖವಾಗಿ ದಬ್ಬುತ್ತಾರೆ. ನೀರು ಪೊರೆಯಿಂದ ಆಚೆ ಹೋಗುತ್ತದೆ, ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಈಚೆಯೇ ಉಳಿಯುತ್ತವೆ. ಕ್ಯಾಲ್ಸಿಯಂ, ಫ್ಲೋರೈಡ್, ನೈಟ್ರೇಟ್, ಯಾವುದನ್ನೂ ಅದು ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ. ಕ್ಲೋರಿನ್ ಪೊರೆಯನ್ನೇ ಹಾಳು ಮಾಡುವುದರಿಂದ ಮೊದಲೇ ಇದ್ದಿಲಿನ ಕೋಶದಲ್ಲಿ ಅದನ್ನು ತೆಗೆದಿರುತ್ತಾರೆ. ಮನೆಯ ಯಂತ್ರ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಚೆಲ್ಲುವುದುಂಟು. ಹಾಗೆ ಚೆಲ್ಲುವ ನೀರು ಬೋರ್ ನೀರಿಗಿಂತಲೂ ಸವಳು, ನೆಲ ಒರೆಸಲು ಆದೀತು, ತೊಟ್ಟಿಗೆ ಬೇಡ.

ಯುವಿ ಯಂತ್ರದ ಕೆಲಸವೇ ಬೇರೆ. ಅದರ ಅತಿನೇರಳೆ ಬೆಳಕಿನ ದೀಪ ರೋಗಾಣುಗಳನ್ನು ಕೊಲ್ಲುತ್ತದೆ, ನೀರಿನಲ್ಲಿ ಕರಗಿರುವ ಸುಣ್ಣವನ್ನು ಮುಟ್ಟುವುದೂ ಇಲ್ಲ. ಬರೀ ಯುವಿ ಯಂತ್ರವಿದ್ದರೆ ಗಡಸುತನದ ಲೆಕ್ಕದಲ್ಲಿ ನಿಮ್ಮ ‘ಫಿಲ್ಟರ್ ನೀರು’ ಬೋರ್ ನೀರೇ.

ಹೊಸ ಮನೆಗಳ ಮಾಳಿಗೆಯ ಮೇಲೆ ಕಾಣುವ ಸಾಫ್ಟ್‌ನರ್ ಬಗ್ಗೆ ಎಚ್ಚರ ಬೇಕು. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಅಂಗಡಿಯಲ್ಲಿ ಹತ್ತು ರೂಪಾಯಿ ನೋಟು ಕೊಟ್ಟು ಚಿಲ್ಲರೆ ತಂದಂತೆ, ಮೊತ್ತ ಅಷ್ಟೇ, ನಾಣ್ಯ ಬೇರೆ. ಸೋಪು ನೊರೆ ಕೊಡುತ್ತದೆ, ಕೂದಲು ಮೃದುವಾಗುತ್ತದೆ. ಮೀನಿಗೆ ಬೇಕಾದ ಕ್ಯಾಲ್ಸಿಯಂ ಹೋಗಿ ಬೇಡದಷ್ಟು ಸೋಡಿಯಂ ಬಂದಿರುತ್ತದೆ. ಸ್ನಾನದ ಮನೆಗೆ ಒಪ್ಪಿದ ಈ ನೀರು ತೊಟ್ಟಿಗೆ ಒಪ್ಪದು.

ಇಲ್ಲಿಯೇ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣದ ಮಾತನ್ನೂ ಮುಗಿಸಿಬಿಡೋಣ. ಅದನ್ನು ಅಳೆಯುವ ಪೆನ್ನಿನಂಥ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಒಟ್ಟು ಎಷ್ಟು ಲವಣ ಕರಗಿದೆ ಎಂದು ಅಂದಾಜು ಹೇಳುತ್ತದೆ. ಆ ಲವಣ ಅಡುಗೆಯ ಉಪ್ಪೋ ಸುಣ್ಣವೋ ಅದಕ್ಕೆ ಗೊತ್ತಾಗುವುದಿಲ್ಲ. ಸಾಫ್ಟ್‌ನರಿನ ಮೊದಲೂ ನಂತರವೂ ಅದು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಕ್ಯಾನಿನ ನೀರು ನಿನ್ನೆಯಂತೆಯೇ ಇದೆಯೇ ಎಂದು ನೋಡಲು ಮೀಟರ್ ಬಲು ಉಪಯುಕ್ತ. ಗಡಸುತನ ತಿಳಿಯಲು ಮಾತ್ರ ಹನಿ ಹಾಕಿ ಬಣ್ಣ ನೋಡುವ ಕಿಟ್ ಬೇಕು. ಅಕ್ವೇರಿಯಂ ಅಂಗಡಿಯವರು ಇದನ್ನು ಜಿಎಚ್ ಮತ್ತು ಕೆಎಚ್ ಕಿಟ್ ಎನ್ನುತ್ತಾರೆ.

ಬ್ಯಾಟರಿಗೆ ಹಾಕುವ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಎರಡೂ ಶುದ್ಧವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಎಸಿ ನೀರು ತಾಮ್ರದ ಕೊಳವೆ ಸವರಿಕೊಂಡು ಬರುತ್ತದೆ. ಚೂರು ತಾಮ್ರವೂ ಸೀಗಡಿ, ಬಸವನಹುಳುಗಳಿಗೆ ವಿಷ, ಮೀನಿಗೂ ಒಳ್ಳೆಯದಲ್ಲ. ರಾತ್ರಿ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನೂ ತೊಟ್ಟಿಗೆ ಸುರಿಯಬಾರದು. ಬ್ಯಾಟರಿ ನೀರು ಮೀನಿಗೆಂದು ತಯಾರಾದದ್ದಲ್ಲ, ಯಾವ ಡಬ್ಬಿಯಲ್ಲಿ ಏನಿತ್ತೆಂದು ಹೇಳಲಾಗದು. ಮಳೆ ನೀರು ಮೆದುವಾಗಿರುತ್ತದೆ. ಮೊದಲ ಒಂದೆರಡು ಮಳೆ ಮಾಳಿಗೆಯ ಧೂಳನ್ನು ತೊಳೆದುಕೊಂಡು ಹೋಗಲು ಬಿಟ್ಟು ನಂತರ ಹಿಡಿದರೆ ಅದು ಬಳಕೆಗೆ ಬರುತ್ತದೆ. ಕಾರ್ಖಾನೆಗಳ ಸಿಮೆಂಟ್ ಧೂಳು ಬೀಳುವ ಊರುಗಳಲ್ಲಿ ನಾನಾಗಿದ್ದರೆ ಈ ಗೋಜಿಗೇ ಹೋಗುವುದಿಲ್ಲ.

## ಪಿಎಚ್ ಮತ್ತು ಅದನ್ನು ಹಿಡಿದಿಡುವ ಕೈ

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಬೈಕಾರ್ಬೊನೇಟ್ ಎಂಬುದೂ ಕರಗಿರುತ್ತದೆ. ಅಡುಗೆ ಸೋಡಾದಲ್ಲಿರುವುದೂ ಅದೇ. ಮೇಲೆ ಹೇಳಿದ ಕಿಟ್‌ಗಳಲ್ಲಿ ಜಿಎಚ್ ಅಳೆಯುವುದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು. ಕೆಎಚ್ ಅಳೆಯುವುದು ಈ ಬೈಕಾರ್ಬೊನೇಟನ್ನು. ನನ್ನ ಅಭಿಪ್ರಾಯದಲ್ಲಿ ಹೊಸಬರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಎರಡನೆಯದನ್ನು.

ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಕೊಳೆತ ಆಹಾರ, ಹಿಕ್ಕೆಗಳಿಂದಲೂ ಅಮೋನಿಯಾ ಬರುತ್ತದೆ. ಅದು ವಿಷ. ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಲೋಳೆಯಂತೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಪಡೆ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಹಾಲು ಮೊಸರಾಗಲು ಹೊತ್ತು ಬೇಕಾದಂತೆಯೇ ಇದು. ಪಕ್ಕದ ಮನೆಯವರು ಸ್ಪಂಜು, ಕಲ್ಲುಗಳನ್ನು ಕ್ಲೋರಿನ್ ಇರುವ ನಳದ ನೀರಿನಲ್ಲಿ ತಿಕ್ಕಿ ತೊಳೆದಾಗ ಆರು ವಾರದ ಹೆಪ್ಪು ಮೋರಿಗೆ ಹರಿದುಹೋಯಿತು.

ಈ ಬ್ಯಾಕ್ಟೀರಿಯಾಗಳ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ದಿನದಿನವೂ ಹುಟ್ಟುವ ಈ ಹುಳಿಯನ್ನು ಬೈಕಾರ್ಬೊನೇಟ್ ನುಂಗಿಕೊಳ್ಳುತ್ತದೆ. ನೀರು ಎಷ್ಟು ಹುಳಿ ಎಂದು ಹೇಳುವ ಅಳತೆ ಪಿಎಚ್. 7 ಎಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಕೆಎಚ್ ಸಾಕಷ್ಟಿದ್ದರೆ ಪಿಎಚ್ ಕದಲುವುದಿಲ್ಲ. ಬರೀ ಆರ್‌ಒ ನೀರಿನ ತೊಟ್ಟಿಯಲ್ಲಿ ಆ ಕೈಯೇ ಇರುವುದಿಲ್ಲ. ಪಿಎಚ್ ಇಳಿಯುತ್ತ ಹೋಗುತ್ತದೆ. ಅದು 6ರ ಕೆಳಗೆ ಬಂದಾಗ ಬ್ಯಾಕ್ಟೀರಿಯಾಗಳ ಕೆಲಸವೇ ಕುಂಟುತ್ತದೆ. ನೋಡಲು ನೀರು ಸ್ಫಟಿಕದಂತಿರುತ್ತದೆ, ಮೀನು ಮಾತ್ರ ಏಳುವುದಿಲ್ಲ. ನಾಲ್ಕು ಡಿಗ್ರಿ, ಅಂದರೆ ಲೀಟರಿಗೆ ಸುಮಾರು 70 ಮಿಲಿಗ್ರಾಂ ಕೆಎಚ್ ಇದ್ದರೆ ಸಾಮಾನ್ಯ ತೊಟ್ಟಿಗೆ ಭಯವಿಲ್ಲ.

ಹಾಗೆಂದು ಬೋರ್ ನೀರೇ ಸದಾ ಸುರಕ್ಷಿತ ಎಂದೂ ಅಲ್ಲ. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಏರುತ್ತದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 0.5ರಷ್ಟು ಮಾತ್ರ. ಪಿಎಚ್ 8 ಆದರೆ ಶೇಕಡಾ 5ರಷ್ಟು, ಅಂದರೆ ಹತ್ತು ಪಟ್ಟು. ಗಡಸು ನೀರಿನ ತೊಟ್ಟಿಯಲ್ಲಿ ಹತ್ತು ಮೀನಿನ ಜಾಗಕ್ಕೆ ಮೂವತ್ತು ತುಂಬಿ, ಮಕ್ಕಳು ಹಿಡಿ ಹಿಡಿ ಆಹಾರ ಚೆಲ್ಲಿದರೆ ಆಗುವ ಅನಾಹುತಕ್ಕೆ ಸುಣ್ಣವನ್ನು ದೂರಿ ಫಲವಿಲ್ಲ.

ಕೊಡದ ನೀರು ತಿಳಿಯಾಗಲು ಪಟಕ ಆಡಿಸುವ ರೂಢಿ ನಮ್ಮಲ್ಲಿದೆ. ಪಟಕ ಕೆಸರನ್ನು ಕೂರಿಸುತ್ತದೆ, ಜೊತೆಗೆ ಬೈಕಾರ್ಬೊನೇಟನ್ನೂ ತಿಂದು ಪಿಎಚ್ ಇಳಿಸುತ್ತದೆ. ಮೀನಿರುವ ತೊಟ್ಟಿಯಲ್ಲಿ ಅದನ್ನು ಆಡಿಸಬಾರದು.

## ನಳದ ನೀರು ಬಂದ ದಿನ

ಕಲಬುರಗಿ ನಗರಕ್ಕೆ ಭೀಮಾ ನದಿ ಮತ್ತು ಬೆಣ್ಣೆತೊರಾದ ನೀರು, ಬೀದರಿಗೆ ಕಾರಂಜಾ ಮತ್ತು ಮಾಂಜ್ರಾದ ನೀರು. ಇವು ಸುಣ್ಣದ ಕಲ್ಲಿನ ಬೋರ್ ನೀರಿನಷ್ಟು ಗಡಸಾಗಿರುವುದು ಅಪರೂಪ. ಇಲ್ಲಿನ ತೊಡಕು ಕ್ಲೋರಿನ್. ಮನೆಯ ನಳಕ್ಕೆ ಬರುವ ನೀರಿನಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ನಮ್ಮ ಮಾನಕ. ಮನುಷ್ಯರ ಆರೋಗ್ಯಕ್ಕೆ ಅದು ಅಗತ್ಯ. ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬಾಯಗಲ ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ ಒಂದು ದಿನ ಬಿಟ್ಟರೆ ಸಾಮಾನ್ಯ ಕ್ಲೋರಿನ್ ಹಾರಿಹೋಗುತ್ತದೆ. ತುರ್ತಿದ್ದರೆ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ ಹನಿಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೋದವರು ಹೈಪೋ ಎಂದು ಬಳಸುತ್ತಿದ್ದ ವಸ್ತು.

ಬೋರ್ ನೀರನ್ನೂ ನೇರವಾಗಿ ಸುರಿಯಬಾರದು. ಆಳದಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಒಂದು ರಾತ್ರಿ ಗಾಳಿ ಆಡಿದರೆ ಅದು ಸಮಕ್ಕೆ ಬರುತ್ತದೆ.

ಒಂದು ವಾರ ನಳದ ನೀರು, ಮರುವಾರ ಟ್ಯಾಂಕರ್, ಆಮೇಲೆ ಬೋರ್, ಅದರ ಮೇಲೆ ಕ್ಯಾನ್. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ನೀರು ಬರುವುದೇ ಹೀಗೆ. ಮೀನಿನ ಮೈ ಒಂದು ನೀರಿಗೆ ಒಗ್ಗುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ಗಡಸು ನೀರಿಗಿಂತ, ಮೆದು ನೀರಿಗಿಂತ ಮೀನನ್ನು ಹೆಚ್ಚು ಬಳಲಿಸುವುದು ಈ ಅದಲು ಬದಲು.

## ಮೀನು ನೋಡಿ ನೀರು

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಂಬ ಮರಿ ಹಾಕುವ ಮೀನುಗಳಿಗೆ ಗಡಸು ನೀರೇ ಇಷ್ಟ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ಹೊಂಡಗಳಿಗೆ ಬಿಡುವುದೂ ಈ ಗಪ್ಪಿಯನ್ನೇ. ಅಲ್ಲಿ ಅದಕ್ಕೆ ಯಾರೂ ಕ್ಯಾನ್ ನೀರು ಕೊಡುವುದಿಲ್ಲ. ಗೋಲ್ಡ್ ಫಿಶ್ ಸಹ ಹೊಂದಿಕೊಳ್ಳುತ್ತದೆ. ಆಫ್ರಿಕದ ಮಲಾವಿ ಸರೋವರದ ಬಣ್ಣದ ಸಿಕ್ಲಿಡ್‌ಗಳ ತವರಿನಲ್ಲಿ ಪಿಎಚ್ 8ರ ಆಸುಪಾಸು. ಸೇಡಂ ಕಡೆಯವರಿಗೆ ಇವು ಹೇಳಿ ಮಾಡಿಸಿದ ಮೀನುಗಳು.

ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ, ಡಿಸ್ಕಸ್ ಇವುಗಳ ಕಥೆ ಬೇರೆ. ಇವು ಅಮೆಜಾನ್ ಸೀಮೆಯವು. ಕಾರ್ಡಿನಲ್ ಬದುಕುವ ರಿಯೊ ನೀಗ್ರೊ ನದಿಯ ನೀರು ಎಲೆಗಳ ಕಷಾಯದಿಂದ ಕರಿ ಚಹಾದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಕರಗಿದ ಲವಣ ತೀರ ಕಡಿಮೆ. ಇಂಥ ಮೀನು ತಂದರೆ ಆರ್‌ಒ ನೀರು ಬೇಕೇ ಬೇಕು, ಆಗಲೂ ಅದಕ್ಕೆ ಒಂದಿಷ್ಟು ಖನಿಜ ಸೇರಿಸಿಯೇ ಬಳಸಬೇಕು. ಏಂಜಲ್, ಫೈಟರ್ ಮೀನುಗಳು ಎರಡರ ನಡುವೆ. ತಲೆಮಾರುಗಳಿಂದ ಸಾಕಣೆ ಕೇಂದ್ರಗಳಲ್ಲಿ ಬೆಳೆದಿರುವುದರಿಂದ ಮಧ್ಯಮ ಗಡಸುತನದಲ್ಲಿ ಚೆನ್ನಾಗಿಯೇ ಇರುತ್ತವೆ.

ಮೀನು ಕೊಳ್ಳುವ ಮುನ್ನ ಅಂಗಡಿಯವರನ್ನು ‘ನಿಮ್ಮ ತೊಟ್ಟಿಯಲ್ಲಿ ಯಾವ ನೀರು ಹಾಕುತ್ತೀರಿ?’ ಎಂದು ಕೇಳುವುದು ಬಣ್ಣ, ಬೆಲೆ ವಿಚಾರಿಸುವುದಕ್ಕಿಂತ ಮುಖ್ಯ. ಮೀನಿನ ಮೈ ಆಗಲೇ ಒಗ್ಗಿರುವುದು ಆ ನೀರಿಗೆ.

## ಬೆರಕೆಯ ಲೆಕ್ಕ

ಆರ್‌ಒ ನೀರನ್ನು ನಾನು ಮಜ್ಜಿಗೆಗೆ ಬೆರೆಸುವ ನೀರಿನಂತೆ ನೋಡುತ್ತೇನೆ. ಮೊಸರು ಗಟ್ಟಿಯಾಗಿದ್ದಾಗ ಅದನ್ನು ಬೆರೆಸಿ ತೆಳು ಮಾಡುತ್ತೇವೆ. ಬರೀ ಅದನ್ನೇ ಲೋಟಕ್ಕೆ ಸುರಿದು ಮಜ್ಜಿಗೆ ಎಂದು ಯಾರೂ ಕೊಡುವುದಿಲ್ಲ.

ನಿಮ್ಮ ಬೋರ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ, ಆರ್‌ಒ ನೀರಿನದು 20 ಎಂದುಕೊಳ್ಳಿ. ಒಂದು ಬಕೆಟ್ ಬೋರ್ ನೀರಿಗೆ ಮೂರು ಬಕೆಟ್ ಆರ್‌ಒ ಬೆರೆಸಿದರೆ 500ಕ್ಕೆ ಮೂರು ಇಪ್ಪತ್ತು ಕೂಡಿಸಿ ನಾಲ್ಕರಿಂದ ಭಾಗಿಸಬೇಕು, 140 ಆಗುತ್ತದೆ. ಅಂದರೆ ಸುಮಾರು ಎಂಟು ಡಿಗ್ರಿ, ಹಲವು ಜಾತಿಯ ಮೀನು ಕೂಡಿ ಬಾಳುವ ನೀರು. ಸಮಸಮ ಬೆರೆಸಿದರೆ 260, ಅದು ಗಪ್ಪಿ, ಮೋಲಿಗಳಿಗೆ ಸಾಕು. ಕೆಎಚ್‌ಗೂ ಇದೇ ಲೆಕ್ಕ. ಪಿಎಚ್‌ಗೆ ಮಾತ್ರ ಈ ಸರಾಸರಿ ಲೆಕ್ಕ ನಡೆಯುವುದಿಲ್ಲ, ಬೆರೆಸಿ ಒಂದು ರಾತ್ರಿ ಬಿಟ್ಟು ಅಳೆಯಬೇಕು.

ಆರ್‌ಒ ನೀರಿಗೆ ಸೇರಿಸಲು ಖನಿಜದ ಪುಡಿ ಮಾರುತ್ತಾರೆ. ಡಿಸ್ಕಸ್ ಸಾಕುವವರಿಗೆ ಅದು ಬೇಕಾಗಬಹುದು. ಉಳಿದವರಿಗೆ ನಮ್ಮ ನೆಲದ ಬೋರ್ ನೀರೇ ಬಿಟ್ಟಿ ಸಿಗುವ ಖನಿಜದ ಪುಡಿ. ಆ ನೀರಿನಲ್ಲಿ ನೈಟ್ರೇಟ್ ಮಿತಿ ಮೀರಿದ್ದರೆ ಮಾತ್ರ ಈ ಮಾತು ಸಲ್ಲದು. ಗೊಬ್ಬರ ಹೆಚ್ಚು ಬಳಸುವ ಹೊಲಗಳ ನಡುವಿನ, ಚರಂಡಿ ಪಕ್ಕದ ಬೋರ್‌ವೆಲ್‌ಗಳಲ್ಲಿ ಅದನ್ನು ಪರೀಕ್ಷಿಸಿಕೊಳ್ಳಬೇಕು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ.

ನೀರು ಬದಲಿಸುವಾಗ ವಾರಕ್ಕೆ ಐದನೇ ಒಂದು ಪಾಲು, ಹೆಚ್ಚೆಂದರೆ ಕಾಲು ಭಾಗ. ಒಂದು ಬಗೆಯ ನೀರಿನಿಂದ ಮತ್ತೊಂದಕ್ಕೆ ಹೋಗುವಾಗ ಇನ್ನೂ ನಿಧಾನವಾಗಿ, ಹತ್ತನೇ ಒಂದು ಪಾಲಿನಂತೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಹೊಸ ನೀರು ತೊಟ್ಟಿಯಷ್ಟೇ ಬೆಚ್ಚಗಿರಬೇಕು. ಮಾಳಿಗೆಯ ಟ್ಯಾಂಕಿನ ಮೇ ತಿಂಗಳ ಮಧ್ಯಾಹ್ನದ ನೀರಿನಲ್ಲಿ ಕೈಯಿಡಲಾಗದು, ಮೀನಿಗೆ ಅದನ್ನು ಹಾಕುವವರೂ ಇದ್ದಾರೆ.

ಅಲಂಕಾರಕ್ಕೆಂದು ಒಳಗಿಡುವ ಕಲ್ಲಿನ ಬಗ್ಗೆಯೂ ಒಂದು ಮಾತು. ಒಡೆದ ಶಹಾಬಾದ್ ಕಲ್ಲಿನ ತುಂಡು, ಸಮುದ್ರದ ಚಿಪ್ಪು ನೋಡಲು ಚೆಂದ. ಆದರೆ ಇವೆಲ್ಲ ಸುಣ್ಣವೇ. ನೀರು ಹುಳಿಯಾದಂತೆಲ್ಲ ಇವು ಕರಗಿ ಗಡಸುತನ ಏರಿಸುತ್ತವೆ. ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು. ಸಿಕ್ಲಿಡ್ ತೊಟ್ಟಿಗೆ ಇರಲಿ, ಟೆಟ್ರಾ ತೊಟ್ಟಿಗೆ ಬೇಡ.

## ಆವಿಯಾದ ನೀರು, ಉಳಿದ ಉಪ್ಪು

ಗಾಜಿನ ಮೇಲಿನ ಆ ಬಿಳಿ ಗೆರೆಗೆ ಮರಳೋಣ. ಆವಿಯಾಗುವುದು ನೀರು ಮಾತ್ರ, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಒಂದಿಷ್ಟು ಗಾಜಿಗೆ ಅಂಟುತ್ತದೆ, ಬಹುಪಾಲು ನೀರಿನಲ್ಲಿರುತ್ತದೆ. 50 ಲೀಟರ್ ತೊಟ್ಟಿಯಿಂದ ಬೇಸಿಗೆಯಲ್ಲಿ ವಾರಕ್ಕೆ 5 ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಅದನ್ನು 500 ಮಿಲಿಗ್ರಾಂ ಗಡಸುತನದ ಬೋರ್ ನೀರಿನಿಂದಲೇ ತುಂಬಿಸುತ್ತ ಹೋದರೆ ವಾರಕ್ಕೆ 50 ಮಿಲಿಗ್ರಾಂ ಏರುತ್ತದೆ. ನೀರು ಬದಲಿಸದೆ ಬರೀ ಹೀಗೆ ತುಂಬಿಸಿದರೆ ಯುಗಾದಿಯಿಂದ ಮುಂಗಾರಿನವರೆಗಿನ ಹತ್ತು ವಾರದಲ್ಲಿ 500 ಇದ್ದದ್ದು 1000ದ ಹತ್ತಿರ ಬರಬಹುದು. ಮೀನು ನಿಧಾನವಾಗಿ ಅದಕ್ಕೂ ಒಗ್ಗಿಕೊಂಡಿರುತ್ತದೆ. ಆಗ ಒಂದೇ ಸಲ ಕ್ಯಾನ್ ನೀರು ಸುರಿದರೆ ಅದು ಮಹಡಿಯಿಂದ ಕೆಳಗೆ ದಬ್ಬಿದಂತೆ.

ಆದ್ದರಿಂದ ಆವಿಯಾದಷ್ಟನ್ನು ತುಂಬಲು ಬರೀ ಆರ್‌ಒ ನೀರು, ಕೊಳೆ ತೆಗೆಯಲೆಂದು ವಾರಕ್ಕೊಮ್ಮೆ ಬದಲಿಸುವಾಗ ಎಂದಿನ ನೀರು ಅಥವಾ ಎಂದಿನ ಬೆರಕೆ. ಬರೀ ಆರ್‌ಒ ನೀರು ಯಾವ ಭಯವೂ ಇಲ್ಲದೆ ತೊಟ್ಟಿಗೆ ಹೋಗಬಹುದಾದ ಸಂದರ್ಭ ಇದೊಂದೇ, ನಮ್ಮ ಕಡೆ ಅದಕ್ಕೆ ಅತಿ ಹೆಚ್ಚು ಕೆಲಸ ಇರುವುದೂ ಇಲ್ಲಿಯೇ. ಬಿಸಿಲಿನ ದಿನಗಳಲ್ಲಿ ಏರ್ ಪಂಪನ್ನೂ ನಿಲ್ಲಿಸಬಾರದು. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 35 ಡಿಗ್ರಿಯಲ್ಲಿ ಹಿಡಿಯುವುದು 7 ಮಾತ್ರ. ಕರೆಂಟು ಹೋದಾಗ ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿದರೂ ಗಾಳಿ ಬೆರೆಯುತ್ತದೆ.

ಪಕ್ಕದ ಮನೆಯಲ್ಲಿ ಅಂದು ಉಳಿದ ಎಂಟು ಗಪ್ಪಿಗಳನ್ನು ಮತ್ತೆ ಬೋರ್ ನೀರಿಗೆ ತರಲು ಮೂರು ದಿನ ಹಿಡಿಯಿತು. ಮಾಳಿಗೆಯ ಟ್ಯಾಂಕಿನ ನೀರನ್ನು ಸಂಜೆ ಬಕೆಟ್ಟಿನಲ್ಲಿ ಹಿಡಿದು, ರಾತ್ರಿ ಪೂರ್ತಿ ಏರ್ ಪಂಪ್ ಹಾಕಿ, ಬೆಳಿಗ್ಗೆ ಎರಡು ತಂಬಿಗೆ, ಸಂಜೆ ಎರಡು ತಂಬಿಗೆ. ಇನ್ನೂ ಎರಡು ಸತ್ತವು, ಆರು ಉಳಿದವು. ಈಗ ಅವರ ಮನೆಗೆ ಬರುವ ಕ್ಯಾನ್ ನೀರಿನಲ್ಲಿ ದಿನಕ್ಕೆ ಒಂದು ತಂಬಿಗೆ ಮೀನಿನ ಪಾಲು, ಗಾಜಿಗೆ ಅಂಟಿಸಿದ ಕೆಂಪು ಟೇಪಿನ ಗುರುತಿನವರೆಗೆ ಅಷ್ಟೇ. ನೀರಿನ ಮಟ್ಟಕ್ಕಿಂತ ಮೇಲೆ ಮೂಡುವ ಬಿಳಿ ಗೆರೆಯನ್ನು ಅವರ ಮಗಳು ಹಿಂಡಿದ ನಿಂಬೆ ಹೋಳಿನಿಂದ ಉಜ್ಜಿ, ರಸ ಒಳಗೆ ಇಳಿಯುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ.